ಮಲಪ್ರಭೆಯಲ್ಲಿ ಮೀನು ಎಷ್ಟಿವೆ? ಇಡೀ ಕೊಳ್ಳದ ಅಂದಾಜು ಹಾಕುವ ಬಗೆ

"ಮೊದಲಿನಷ್ಟು ಮೀನ ಈಗ ಇಲ್ರಿ." ರಾಮದುರ್ಗದಿಂದ ಕೂಡಲಸಂಗಮದವರೆಗೆ ಯಾವ ದಂಡೆಯಲ್ಲಿ ನಿಂತು ಕೇಳಿದರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ದಿನಾ ನೀರಿಗಿಳಿಯುವ ಜನ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಎಷ್ಟು ಕಮ್ಮಿಯಾಗಿದೆ? ಯಾವ ಮೀನು? ಯಾವ ಭಾಗದಲ್ಲಿ? ಇಷ್ಟು ಕೇಳಿದರೆ ಮಾತು ನಿಲ್ಲುತ್ತದೆ. ಬಾಂದಾರ ಕಟ್ಟುವಾಗ, ಮರಳು ತೆಗೆಯುವಾಗ, ಹೊಲಸು ನೀರು ಬಿಟ್ಟಾಗ ಮೀನುಗಾರರ ಪರವಾಗಿ ಮಾತಾಡಬೇಕಾದರೆ ಈ ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿರಬೇಕು.

ನದಿಯ ಮೀನನ್ನು ಒಂದೊಂದಾಗಿ ಎಣಿಸೋಕೆ ಯಾರಿಂದಲೂ ಆಗಲ್ಲ. ಕೆಲವು ಜಾಗ ಆರಿಸಿ, ಅಲ್ಲಿ ಸರಿಯಾಗಿ ಎಣಿಸಿ, ಅದರಿಂದ ಇಡೀ ಕೊಳ್ಳಕ್ಕೆ ಅಂದಾಜು ಹಾಕಬಹುದು. ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ, ಮೀನುಗಾರರ ಸಹಕಾರ ಸಂಘ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಈ ಮೂರೂ ಕೈ ಜೋಡಿಸಿದರೆ ಸಾಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇಂಥ ಸಮಿತಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕು. ಊರಿನ ಜೀವಸಂಪತ್ತಿನ ದಾಖಲೆ ಬರೆದಿಡುವುದೂ ಅದರದೇ ಕೆಲಸ.

ಸೂತ್ರಗಳು ಸುಲಭ. ಹೈಸ್ಕೂಲ್ ಲೆಕ್ಕ ಬಂದರೆ ಮುಗೀತು. ಕಷ್ಟ ಇರುವುದು ಎರಡು ಕಡೆ. ಬಲೆ ಎಲ್ಲಿ ಬಿಡಬೇಕು ಅಂತ ತೀರ್ಮಾನಿಸುವುದು ಒಂದು. ಏನೂ ಸಿಗದ ಬಲೆಯನ್ನೂ ಮರೆಯದೆ ಬರೆದಿಡುವುದು ಇನ್ನೊಂದು. ಈ ಎರಡರಲ್ಲಿ ಎಡವಿದರೆ ಮುಂದೆ ಎಷ್ಟು ಚೆನ್ನಾಗಿ ಲೆಕ್ಕ ಮಾಡಿದರೂ ಅಂಕಿ ಸುಳ್ಳಾಗುತ್ತದೆ.

ಇಲ್ಲಿ ಮಲಪ್ರಭೆಯನ್ನೇ ಉದಾಹರಣೆಗೆ ತಗೊಂಡಿದ್ದೇನೆ. ಇಡೀ ಕೃಷ್ಣಾ ಕೊಳ್ಳ ಎರಡೂವರೆ ಲಕ್ಷ ಚದರ ಕಿಲೋಮೀಟರ್‌ಗಿಂತ ದೊಡ್ಡದು, ಮೊದಲ ಸಲಕ್ಕೆ ಅದು ಯಾರ ಕೈಗೂ ನಿಲುಕದು. ಮಲಪ್ರಭೆ ಸುಮಾರು 300 ಕಿ.ಮೀ. ಉದ್ದ. ಘಟಪ್ರಭೆಗೂ ಡೋಣಿಗೂ ಇದೇ ಕ್ರಮ ನಡೆಯುತ್ತದೆ.

ನೀರಿಗಿಳಿಯುವ ಮೊದಲು

ಮೀನುಗಾರಿಕೆ ಇಲಾಖೆಗೆ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಜಲಾಶಯ ಇದ್ದರೆ ನೀರಾವರಿ ಅಧಿಕಾರಿಗಳಿಗೆ, ಖಾನಾಪುರದ ಕಾಡಿನ ಹಳ್ಳಗಳಾದರೆ ಅರಣ್ಯ ಇಲಾಖೆಗೂ ತಿಳಿಸಬೇಕು. ಆ ಭಾಗದಲ್ಲಿ ಮೀನು ಹಿಡಿಯುವ ಹಕ್ಕು ಯಾವ ಸಂಘದ್ದೋ, ಯಾವ ಗುತ್ತಿಗೆದಾರರದ್ದೋ ಅವರ ಜೊತೆ ಮೊದಲೇ ಕೂತು ಮಾತಾಡಿ. ಹೇಳದೆ ಕೇಳದೆ ಬಲೆ ಬಿಟ್ಟರೆ ಜಗಳ ಗ್ಯಾರಂಟಿ, ಮತ್ತು ಆ ಜಗಳದಲ್ಲಿ ತಪ್ಪು ನಿಮ್ಮದೇ.

ಹೊರದೇಶಗಳಲ್ಲಿ ನೀರಿಗೆ ಕರೆಂಟ್ ಹಾಯಿಸಿ ಮೀನನ್ನು ಮಂಕು ಮಾಡಿ ಎಣಿಸುತ್ತಾರೆ. ಅದಕ್ಕೆ ಬೇರೆ ಉಪಕರಣ, ಬೇರೆ ತರಬೇತಿ ಬೇಕು. ಇಲ್ಲಿ ಅದನ್ನು ಮಾಡಲೇಬೇಡಿ, ಜನ ಸಾಯುತ್ತಾರೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದಂತೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೇ ಅಪರಾಧ.

ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರರಲ್ಲೂ ಮೊಸಳೆ ಇವೆ. ಬೇಸಿಗೆಯಲ್ಲಿ ನೀರು ಇಳಿದು ಮಡು ಮಾತ್ರ ಉಳಿದಾಗ ಮೀನು ಸೇರುವ ಜಾಗಕ್ಕೇ ಮೊಸಳೆಯೂ ಬರುತ್ತದೆ. ಊರಿನವರು ಬೇಡ ಅಂದ ಮಡುವಿಗೆ ಇಳಿಯಬೇಡಿ. ತೆಪ್ಪದಲ್ಲಿ ಹೋಗುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಲಿ, ಈಜು ಬಂದರೂ ಸರಿ. ಅಣೆಕಟ್ಟಿನ ಕೆಳಗೆ ಕೆಲಸ ಮಾಡುವಾಗ ಗೇಟ್ ತೆಗೆಯುವ ಸುದ್ದಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಫೋನ್ ಮಾಡಿ ಕೇಳಿ. ಕೃಷ್ಣೆಯ ದಂಡೆಯವರಿಗೆ ಇದು ಹೇಳಬೇಕಾಗಿಲ್ಲ. ಕೊಯ್ನಾದಿಂದ ನೀರು ಬಿಟ್ಟರೆ ಚಿಕ್ಕೋಡಿ, ಅಥಣಿ, ಜಮಖಂಡಿಯಲ್ಲಿ ಹೊಳೆ ಏರುವುದನ್ನು ಅವರು ಕಂಡಿದ್ದಾರೆ.

ಯಾವ ಮೀನು ಎಣಿಸುತ್ತೀರಿ?

"ಎಲ್ಲ ಮೀನು" ಅನ್ನುವುದು ಉತ್ತರವಲ್ಲ. ಬೆರಳುದ್ದದ ಮೀನಿಗೂ ಎರಡು ಮೊಳದ ಬಾಳೆ ಮೀನಿಗೂ ಒಂದೇ ಬಲೆ ಆಗಿಬರಲ್ಲ. ನಾಲ್ಕೈದು ಜಾತಿ ಆರಿಸಿ. ನನ್ನ ಸಲಹೆ ಹೀಗಿದೆ. ಇಲ್ಲಿಯದೇ ಆದ ಒಂದೆರಡು ಮೀನು ಇರಲಿ. ಡೆಕ್ಕನ್ ಮಹಶೀರ್ ಸಿಗುವಂತಿದ್ದರೆ ಅದು ಖಂಡಿತ ಇರಲಿ. ಈ ಮೀನನ್ನು ವಿಜ್ಞಾನ ಮೊದಲು ಗುರುತಿಸಿದ್ದೇ ಕೃಷ್ಣಾ ಕೊಳ್ಳದಲ್ಲಿ. 1839ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ ಅದನ್ನು ಪುಣೆ ಹತ್ತಿರದ ಮುಳಾ-ಮುಠಾ ನದಿಯಿಂದ ವರ್ಣಿಸಿದ, ಆ ನೀರು ಭೀಮೆಗೆ ಸೇರಿ ಕೃಷ್ಣೆಗೇ ಬರುತ್ತದೆ. ಇದರ ಜೊತೆಗೆ ಮಾರಾಟದ ಒಂದು ಮೀನು ಇರಲಿ, ರೋಹುನೋ ಕಟ್ಲಾನೋ. ಹೊರಗಿನಿಂದ ಬಂದ ಒಂದು ಮೀನೂ ಬೇಕು. ತಿಲಾಪಿಯಾ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಅದು ಎಷ್ಟು ಹಬ್ಬಿದೆ ಅನ್ನುವುದು ಉಳಿದ ಮೀನುಗಳ ಲೆಕ್ಕದಷ್ಟೇ ಮುಖ್ಯ.

ಇಲ್ಲೊಂದು ಎಚ್ಚರಿಕೆ. ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಜಲಾಶಯಕ್ಕೆ ತಂದು ಬಿಡುತ್ತಾರೆ. ಯಾವ ವರ್ಷ ಎಷ್ಟು ಮರಿ ಬಿಟ್ಟರು ಅನ್ನುವ ಪಟ್ಟಿ ಇಲಾಖೆಯಿಂದ ತಗೊಳ್ಳಿ. ಆ ಪಟ್ಟಿ ಇಲ್ಲದೆ "ರೋಹು ಜಾಸ್ತಿಯಾಗಿದೆ" ಅಂದರೆ ನದಿ ಸುಧಾರಿಸಿದೆಯೋ, ಲಾರಿಯಲ್ಲಿ ಮರಿ ಬಂದಿವೆಯೋ ತಿಳಿಯಲ್ಲ.

ಯಾವ ಉದ್ದದ ಮೇಲಿನ ಮೀನು ಲೆಕ್ಕಕ್ಕೆ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಮಳೆಗಾಲದಲ್ಲಿ ಮೊಟ್ಟೆಯೊಡೆದ ಮರಿಗಳು ಲಕ್ಷಗಟ್ಟಲೆ ಇರುತ್ತವೆ, ದೀಪಾವಳಿ ಹೊತ್ತಿಗೆ ಅದರಲ್ಲಿ ಬಹುಪಾಲು ಉಳಿದಿರಲ್ಲ. ಮರಿಗಳನ್ನೂ ಸೇರಿಸಿ ಎಣಿಸಿದರೆ ವರ್ಷದಿಂದ ವರ್ಷಕ್ಕೆ ಹೋಲಿಸೋಕೆ ಬರಲ್ಲ. 15 ಸೆಂ.ಮೀ. ಮೇಲಿನದು ಅಂತ ಒಂದು ಗೆರೆ ಹಾಕಿಕೊಂಡು ಅದನ್ನೇ ಪ್ರತಿ ವರ್ಷ ಪಾಲಿಸಿ.

ಕೊಳ್ಳವನ್ನು ತುಂಡು ಮಾಡುವುದು

ಇದೇ ಇಡೀ ಕೆಲಸದ ಬೆನ್ನೆಲುಬು. ಮಲಪ್ರಭೆ ಹೆಸರಿಗೆ ಒಂದು ನದಿ, ಮೀನಿನ ಮಟ್ಟಿಗೆ ಐದು ಬೇರೆ ಬೇರೆ ನೀರು.

ಕಣಕುಂಬಿಯಲ್ಲಿ ಸುಮಾರು 790 ಮೀಟರ್ ಎತ್ತರದಲ್ಲಿ ಹುಟ್ಟಿ ಖಾನಾಪುರದ ಕಡೆ ಇಳಿಯುವಾಗ ಅದು ಕಲ್ಲುಬಂಡೆಯ ಹಳ್ಳ. ನೆರಳು, ತಣ್ಣನೆ ನೀರು, ಸಣ್ಣ ಮೀನು. ಖಾನಾಪುರ ದಾಟಿ ಎಂ.ಕೆ. ಹುಬ್ಬಳ್ಳಿ ಕಡೆ ಬಂದರೆ ಹೊಲಗಳ ನಡುವೆ ಹರಿಯುವ ಹೊಳೆ, ಅಲ್ಲಲ್ಲಿ ಆಳದ ಮಡು. ಮುಂದೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟಿನ ಹಿಂದೆ ರೇಣುಕಾಸಾಗರ, ಸುಮಾರು 37 ಟಿಎಂಸಿ ಹಿಡಿಯುವ ನಿಂತ ನೀರು. ಅಣೆಕಟ್ಟಿನ ಕೆಳಗೆ ರಾಮದುರ್ಗ, ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಉದ್ದಕ್ಕೂ ಬೇರೆಯೇ ಕತೆ. ಬೇಸಿಗೆಯಲ್ಲಿ ಹೊಳೆ ತುಂಡು ತುಂಡಾಗಿ ಮಡುಗಳಷ್ಟೇ ಉಳಿಯುತ್ತವೆ. ಕೊನೆಗೆ ಕೂಡಲಸಂಗಮದ ಹತ್ತಿರ ನಾರಾಯಣಪುರ ಜಲಾಶಯದ ಹಿನ್ನೀರು. ಬೆಣ್ಣೆಹಳ್ಳದಂಥ ಉಪನದಿಗಳನ್ನು ಆರನೇ ತುಂಡಾಗಿ ಇಟ್ಟುಕೊಳ್ಳಿ.

ಎಲ್ಲಿ ಗೆರೆ ಎಳೆಯಬೇಕು ಅಂತ ಗೊಂದಲ ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೀನು ಇಲ್ಲಿಂದ ಅಲ್ಲಿಗೆ ಹೋಗಬಹುದಾ? ಅಣೆಕಟ್ಟು, ಎತ್ತರದ ಬಾಂದಾರ, ಜಲಪಾತ ಇವೆಲ್ಲ ಗೆರೆಗಳು. ಘಟಪ್ರಭೆಯಲ್ಲಿ ಕೆಲಸ ಮಾಡುವವರಿಗೆ ಗೋಕಾಕ ಜಲಪಾತ ಸಹಜವಾದ ಗಡಿ. ಸುಮಾರು 52 ಮೀಟರ್ ಎತ್ತರವನ್ನು ಕೆಳಗಿನ ಮೀನು ಹತ್ತಿ ಬರಲಾರದು. ಅದರ ಮೇಲಿನ ಲೆಕ್ಕ ಬೇರೆ, ಕೆಳಗಿನ ಲೆಕ್ಕ ಬೇರೆ.

ಆಮೇಲೆ ಹರಿಯುವ ಪ್ರತಿ ತುಂಡನ್ನೂ ಮೊಬೈಲ್ ನಕ್ಷೆಯಲ್ಲಿ ಅಳೆದು 100 ಮೀಟರ್‌ನ ಭಾಗಗಳಾಗಿ ಒಡೆಯಿರಿ. 30 ಕಿ.ಮೀ. ತುಂಡಿನಲ್ಲಿ 300 ಭಾಗ ಬರುತ್ತವೆ. ಮೇಲಿನಿಂದ ಕೆಳಕ್ಕೆ ನಂಬರ್ ಕೊಡಿ.

ಜಾಗ ಆರಿಸುವುದು ಚೀಟಿಯಿಂದ

ಹೆಚ್ಚಿನ ಸರ್ವೆಗಳು ಹಾಳಾಗುವುದು ಇಲ್ಲೇ. ಜೀಪು ಹೋಗುವ ಜಾಗ ಅಂತ ಸೇತುವೆ ಹತ್ತಿರ ಬಲೆ ಬಿಡುತ್ತಾರೆ. ಸೇತುವೆ ಕಂಬದ ಬುಡದಲ್ಲಿ ನೀರು ಕೊರೆದು ಗುಂಡಿಯಾಗಿರುತ್ತದೆ, ಮೀನು ಅಲ್ಲಿ ಸಹಜವಾಗಿ ಜಾಸ್ತಿ. ಗುಡಿಯ ಘಾಟಿನಲ್ಲಿ ಭಕ್ತರು ಚುರುಮುರಿ ಹಾಕುತ್ತಾರೆ, ಅಲ್ಲೂ ಜಾಸ್ತಿ. ಅಂಥ ಜಾಗದ ಅಂಕಿಯನ್ನು ಇಡೀ ಹೊಳೆಗೆ ಗುಣಿಸಿದರೆ ಇಲ್ಲದ ಮೀನು ಕಾಗದದ ಮೇಲೆ ಹುಟ್ಟುತ್ತವೆ.

ನಂಬರ್ ಬರೆದ ಚೀಟಿ ಡಬ್ಬಿಯಲ್ಲಿ ಹಾಕಿ ಎತ್ತಿ. ಮೊದಲ ವರ್ಷ ಪ್ರತಿ ತುಂಡಿಗೆ ಕಡೇಪಕ್ಷ ಐದು, ಸಾಧ್ಯವಾದರೆ ಎಂಟು ಹತ್ತು. ಚೀಟಿಯಲ್ಲಿ ಬಂದ ಜಾಗಕ್ಕೆ ದಾರಿ ಇಲ್ಲ ಅಂತ ಪಕ್ಕದ ಸುಲಭದ ಜಾಗಕ್ಕೆ ಹೋಗಬೇಡಿ. ಮೊಸಳೆ, ಪ್ರವಾಹದಂಥ ನಿಜವಾದ ಅಪಾಯ ಇದ್ದರೆ ಮಾತ್ರ ಇನ್ನೊಂದು ಚೀಟಿ ಎತ್ತಿ, ಕಾರಣ ಬರೆದಿಡಿ.

ಕಾಲ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲ ಮೀನು ಮೊಟ್ಟೆ ಇಡುವ ಕಾಲ, ಆಗ ಮುಟ್ಟಬಾರದು. ನೀರು ಕೆಂಪಗೆ ರಭಸವಾಗಿರುತ್ತದೆ, ಬಲೆಯೂ ನಿಲ್ಲಲ್ಲ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಯಾವ ತಿಂಗಳು ಆರಿಸಿದರೂ ಪ್ರತಿ ವರ್ಷ ಅದೇ ತಿಂಗಳು ಇರಲಿ, ತಿಥಿಯನ್ನೂ ಬರೆಯಿರಿ. ಬೆಳದಿಂಗಳಿನಲ್ಲಿ ಮೀನಿಗೆ ಬಲೆ ಕಾಣುತ್ತದೆ ಅನ್ನುವುದು ಮೀನುಗಾರರಿಗೆ ಗೊತ್ತಿರುವ ಮಾತು.

ಮೀನುಗಾರರನ್ನು ಕೇಳುವಾಗ

ದಂಡೆಗೆ ಹೋಗಿ "ಎಷ್ಟ ಮೀನ ಸಿಕ್ವು ಕಾಕಾ?" ಅಂತ ಕೇಳಿದರೆ "ಹತ್ತ ಕಿಲೋ ರೀ" ಅಂತ ಉತ್ತರ ಬರುತ್ತದೆ. ಆ ಹತ್ತು ಕಿಲೋದಿಂದ ಏನೂ ತಿಳಿಯಲ್ಲ. ಒಂದು ಬಲೆಗೆ ಸಿಕ್ಕಿದ್ದಾ, ಆರು ಬಲೆಗಾ? ಒಂದು ರಾತ್ರಿಗಾ, ಮೂರು ರಾತ್ರಿಗಾ?

ಮೊದಲ ಪ್ರಶ್ನೆಯನ್ನೇ ಬದಲಾಯಿಸಿ. "ನಿನ್ನೆ ರಾತ್ರಿ ಎಷ್ಟ ಬಲಿ ಬಿಟ್ಟಿದ್ರಿ ಕಾಕಾ? ಎಷ್ಟೊತ್ತಿಗೆ ಬಿಟ್ರಿ, ಎಷ್ಟೊತ್ತಿಗೆ ತೆಗದ್ರಿ?" ಬಲೆಯ ಉದ್ದ, ಎತ್ತರ, ಕಣ್ಣಿನ ಅಳತೆ, ನೀರಿನಲ್ಲಿದ್ದ ಗಂಟೆ ಇವನ್ನೆಲ್ಲ ಬರೆದ ಮೇಲೆ ಮೀನಿನ ತೂಕಕ್ಕೆ ಬನ್ನಿ. ಎಲ್ಲವನ್ನೂ 100 ಮೀಟರ್ ಬಲೆ, 12 ಗಂಟೆ ಅನ್ನುವ ಒಂದೇ ಅಳತೆಗೆ ತನ್ನಿ. 300 ಮೀಟರ್ ಬಲೆಗೆ ಒಂದು ರಾತ್ರಿಯಲ್ಲಿ 9 ಕಿಲೋ ಸಿಕ್ಕಿದ್ದರೆ 100 ಮೀಟರ್‌ಗೆ 3 ಕಿಲೋ.

ಬಲೆಯ ಕಣ್ಣನ್ನು ಬಾಯಿಮಾತಿನಲ್ಲಿ ಕೇಳಿ ಬರೆಯಬೇಡಿ, ಅಳೆಯಿರಿ. ಬಲೆ ಒದ್ದೆಯಿರುವಾಗಲೇ ಒಂದು ಕಣ್ಣನ್ನು ಎರಡು ಎದುರು ಮೂಲೆ ಹಿಡಿದು ಪೂರ್ತಿ ಎಳೆಯಿರಿ. ಒಂದು ಗಂಟಿನ ಮಧ್ಯದಿಂದ ಎದುರಿನ ಗಂಟಿನ ಮಧ್ಯಕ್ಕೆ ಸ್ಕೇಲ್ ಇಡಿ. ಒಂದೇ ಬಲೆಯಲ್ಲಿ ಹತ್ತು ಕಡೆ ಅಳೆದು ಸರಾಸರಿ ಬರೆಯಿರಿ, ಹಳೇ ಬಲೆಯಲ್ಲಿ ನೇಯ್ಗೆ ಹಿಗ್ಗಿ ಕಣ್ಣುಗಳು ಒಂದೇ ಸಮ ಇರಲ್ಲ. ಕಣ್ಣು ದೊಡ್ಡದಾದರೆ ಸಣ್ಣ ಮೀನು ನುಸುಳಿ ಹೋಗುತ್ತವೆ. ಕಣ್ಣು ತೀರಾ ಸಣ್ಣದಾದರೆ ದೊಡ್ಡ ಮೀನಿನ ಮೂತಿಯೇ ಒಳಗೆ ಹೋಗಲ್ಲ, ತಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ನಿಮ್ಮ ಸ್ವಂತ ಸರ್ವೆಗೆ ಮೂರು ನಾಲ್ಕು ಅಳತೆಯ ಕಣ್ಣಿರುವ ತುಂಡುಗಳನ್ನು ಜೋಡಿಸಿದ ಒಂದೇ ಬಲೆ ಹೊಲಿಸಿಕೊಳ್ಳಿ. ಹೊಲಿಯೋಕೆ ಊರಿನ ಮೀನುಗಾರರಿಗಿಂತ ಒಳ್ಳೆ ಕೈ ಸಿಗಲ್ಲ, ಅವರ ಕೂಲಿ ಸರಿಯಾಗಿ ಕೊಡಿ.

ಈಗ ಬೇಸಿಗೆಯ ತೊಂದರೆ. "ಬ್ಯಾಸಿಗ್ಯಾಗ ಮಡುವಿನ್ಯಾಗ ಮೀನ ಕೂಡ್ತಾವ್ರಿ" ಅನ್ನುತ್ತಾರೆ. ಅದೇ ನಿಜ. ಏಪ್ರಿಲ್-ಮೇನಲ್ಲಿ ಹೊಳೆ ಇಂಗಿ, ಹತ್ತು ಕಿಲೋಮೀಟರ್‌ನಲ್ಲಿ ಹರಡಿದ್ದ ಮೀನು ಎರಡು ಮಡುವಿಗೆ ಸೇರುತ್ತವೆ. ಬಲೆಗೆ ಸಿಗುವುದು ಏರುತ್ತದೆ, ನದಿಯಲ್ಲಿರುವ ಮೀನು ಏರಿರಲ್ಲ. ಬರ ಬಂದ ವರ್ಷದಲ್ಲಿ ಮೀನು ಚೆನ್ನಾಗಿ ಸಿಕ್ಕಿತು ಅಂತ ಖುಷಿಪಟ್ಟರೆ ಮರುವರ್ಷ ಹೊಳೆ ಬರಿದಾಗಿರುತ್ತದೆ. ಬಲೆಗೆ ಸಿಕ್ಕ ತೂಕ ನದಿಯ ಮೀನಿನ ಲೆಕ್ಕ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಹರಿಯುವ ಕಿರಿದಾದ ಜಾಗದಲ್ಲಿ: ಎರಡು ಸಲ ಹಿಡಿಯುವುದು

ಖಾನಾಪುರ ಭಾಗದ ಮೊಣಕಾಲುದ್ದದ ನೀರಿಗೆ ಇದು ಹೇಳಿಮಾಡಿಸಿದ ವಿಧಾನ. 100 ಮೀಟರ್ ಭಾಗದ ಮೇಲೂ ಕೆಳಗೂ ಸಣ್ಣ ಕಣ್ಣಿನ ಬಲೆ ಕಟ್ಟಿ, ತಳಕ್ಕೆ ಕಲ್ಲು ಹೇರಿ ದಾರಿ ಮುಚ್ಚಿ. ಒಳಗೆ ಎಳೆಬಲೆ ಎಳೆದು, ಬೀಸುಬಲೆ ಬೀಸಿ ಸಿಕ್ಕ ಮೀನನ್ನೆಲ್ಲ ಗಾಳಿಯಾಡುವ ಬಕೆಟ್‌ಗಳಲ್ಲಿ ನೆರಳಿಗಿಡಿ. ಒಂದು ಗಂಟೆ ಬಿಟ್ಟು ಅಷ್ಟೇ ಜನ, ಅಷ್ಟೇ ಹೊತ್ತು, ಅದೇ ಬಲೆ ಹಿಡಿದು ಇನ್ನೊಮ್ಮೆ ಎಳೆಯಿರಿ.

ಮೊದಲ ಸಲ 84, ಎರಡನೇ ಸಲ 36 ಸಿಕ್ಕವು ಅಂತಿಟ್ಟುಕೊಳ್ಳಿ. ಮೊದಲ ಅಂಕಿಯನ್ನು ಅದರಿಂದಲೇ ಗುಣಿಸಿ, ಎರಡರ ವ್ಯತ್ಯಾಸದಿಂದ ಭಾಗಿಸಿ. 84 ಗುಣಿಸು 84 ಅಂದರೆ 7056, ಅದನ್ನು 48ರಿಂದ ಭಾಗಿಸಿದರೆ 147. ಕಣ್ಣಿಗೆ ಕಂಡದ್ದು 120, ಇದ್ದದ್ದು ಸುಮಾರು 147. ಎರಡನೇ ಸಲವೂ ಮೊದಲಿನಷ್ಟೇ ಸಿಕ್ಕರೆ ಈ ಲೆಕ್ಕ ಕೆಲಸ ಮಾಡಲ್ಲ. ಬಲೆಯ ಬುಡದಲ್ಲಿ ಸಂದು ಇದೆ ಅಂತಲೋ, ಮೊದಲ ಸಲ ಸರಿಯಾಗಿ ಎಳೆದಿಲ್ಲ ಅಂತಲೋ ಅರ್ಥ. ಆಗ ಮೂರನೇ ಸಲ ಎಳೆಯಿರಿ. ಮುಗಿದ ಮೇಲೆ ಮೀನೆಲ್ಲ ವಾಪಸ್ ಅದೇ ನೀರಿಗೆ.

ಮಡುವಿನಲ್ಲಿ: ಗುರುತು ಹಾಕಿ ಬಿಡುವುದು

ಡೆನ್ಮಾರ್ಕಿನ ಜೀವವಿಜ್ಞಾನಿ ಪೀಟರ್‌ಸನ್ 1890ರ ದಶಕದಲ್ಲಿ ಸಮುದ್ರದ ಚಪ್ಪಟೆ ಮೀನುಗಳಿಗೆ ಗುರುತು ಹಾಕಿ ಬಿಟ್ಟ. ಅವನ ದಾರಿಯೇ ಇವತ್ತಿಗೂ ಪಟ್ಟದಕಲ್ಲಿನ ಮಡುವಿಗೆ ಸಾಕು. ಒಂದು ದಿನ ಮೀನು ಹಿಡಿದು ಗುರುತು ಹಾಕಿ ಬಿಡಿ. ನಾಲ್ಕೈದು ದಿನ ಬಿಟ್ಟು ಮತ್ತೆ ಹಿಡಿಯಿರಿ. ಎರಡನೇ ಸಲ ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಪಾಲು ಇವೆಯೋ, ಮಡುವಿನ ಒಟ್ಟು ಮೀನಿನಲ್ಲೂ ಅಷ್ಟೇ ಪಾಲು ಅನ್ನುವುದು ಲೆಕ್ಕ.

ಗುರುತು ಅಂದರೆ ಹೊಟ್ಟೆಯ ಕೆಳಗಿನ ಒಂದು ಈಜುರೆಕ್ಕೆಯ ತುದಿಯನ್ನು ಸಣ್ಣ ಕತ್ತರಿಯಿಂದ ಅಕ್ಕಿಕಾಳಿನಷ್ಟು ಕತ್ತರಿಸುವುದು. ಅದು ಮತ್ತೆ ಬೆಳೆಯುತ್ತದೆ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬಂದರೆ ಆಮೇಲೆ ಹುಣ್ಣಾಗುತ್ತದೆ. ಕೆಲಸ ಬೆಳಗಿನ ತಂಪಿನಲ್ಲಿ ಮುಗಿಯಲಿ. ಮಹಶೀರ್ ಸಿಕ್ಕರೆ ನೀರಿನಿಂದ ಎತ್ತದೆ ಬಲೆಯ ತೊಟ್ಟಿಲಲ್ಲೇ ಅಳೆದು ಬಿಡಿ.

ಲೆಕ್ಕಕ್ಕೆ 1951ರಲ್ಲಿ ಚಾಪ್ಮನ್ ಸರಿಪಡಿಸಿದ ಸೂತ್ರ ಬಳಸಿ, ಸಣ್ಣ ಅಂಕಿಗಳಿಗೆ ಅದು ಒಳ್ಳೆಯದು. 120 ಮೀನಿಗೆ ಗುರುತು ಹಾಕಿದಿರಿ, ಎರಡನೇ ಸಲ 150 ಹಿಡಿದಿರಿ, ಅದರಲ್ಲಿ ಗುರುತಿನವು 9 ಅನ್ನಿ. ಮೂರಕ್ಕೂ ಒಂದೊಂದು ಕೂಡಿಸಿ: 121, 151, 10. ಮೊದಲೆರಡನ್ನು ಗುಣಿಸಿ, ಮೂರನೆಯದರಿಂದ ಭಾಗಿಸಿ, ಒಂದು ಕಳೆದರೆ 1826.

ಇಷ್ಟಕ್ಕೇ ನಿಲ್ಲಿಸಿ "ಮಡುವಿನಲ್ಲಿ 1826 ಮೀನು" ಅಂತ ವರದಿ ಬರೆಯಬೇಡಿ. ಗುರುತಿನ ಮೀನು 9 ಬದಲು 6 ಸಿಕ್ಕಿದ್ದರೆ? 13 ಸಿಕ್ಕಿದ್ದರೆ? ಆ ಅದೃಷ್ಟದ ಏರುಪೇರನ್ನೂ ಅಳೆಯಬಹುದು. ಗುರುತು ಹಾಕಿದವುಗಳಲ್ಲಿ ಸಿಗದೇ ಹೋದವು 111, ಎರಡನೇ ಹಿಡಿತದಲ್ಲಿ ಗುರುತಿಲ್ಲದವು 141. 121, 151, 111, 141 ನಾಲ್ಕನ್ನೂ ಗುಣಿಸಿ. 10ರ ವರ್ಗವನ್ನು 11ರಿಂದ ಗುಣಿಸಿದರೆ 1100, ಅದರಿಂದ ಭಾಗಿಸಿ. ಬಂದದ್ದರ ವರ್ಗಮೂಲ ಸುಮಾರು 510. ಅದರ ಎರಡು ಪಟ್ಟನ್ನು ಈ ಕಡೆ ಆ ಕಡೆ ಹಿಡಿದರೆ ಮೀನು ಸುಮಾರು 800ರಿಂದ 2850ರ ನಡುವೆ ಇವೆ. ಇದೇ ಪ್ರಾಮಾಣಿಕ ಉತ್ತರ. ಅಗಲ ಜಾಸ್ತಿ ಅನಿಸಿದರೆ ಕೆಲಸ ಜಾಸ್ತಿ ಮಾಡಬೇಕು. 240ಕ್ಕೆ ಗುರುತು ಹಾಕಿ, 300 ಹಿಡಿದು, 36 ಗುರುತಿನವು ಸಿಕ್ಕರೆ ಅಂದಾಜು 1960ರ ಹತ್ತಿರ ಬರುತ್ತದೆ, ಅಗಲ 1400ರಿಂದ 2500ಕ್ಕೆ ಇಳಿಯುತ್ತದೆ.

ಎರಡು ಷರತ್ತು ಮರೆಯಬೇಡಿ. ನಡುವಿನ ದಿನಗಳಲ್ಲಿ ಮೀನು ಒಳಬರಬಾರದು, ಹೊರಹೋಗಬಾರದು. ಮಡುವಿನ ಬಾಯಿ ತೆರೆದಿದ್ದರೆ ಬಲೆ ಕಟ್ಟಿ. ಆ ದಿನಗಳಲ್ಲಿ ಬೇರೆಯವರು ಅಲ್ಲಿ ಮೀನು ಹಿಡಿಯದಂತೆ ಊರಲ್ಲಿ ಕೇಳಿಕೊಳ್ಳಿ.

ಜಲಾಶಯದಲ್ಲಿ

ರೇಣುಕಾಸಾಗರಕ್ಕಾಗಲಿ, ಆಲಮಟ್ಟಿಗಾಗಲಿ ಬಲೆ ಕಟ್ಟಿ ಬಾಯಿ ಮುಚ್ಚೋಕಾಗಲ್ಲ. ಅಲ್ಲಿ ಸಂಘದ ತೂಕದ ಪುಸ್ತಕವೇ ನಿಮ್ಮ ಆಸರೆ. ಎಷ್ಟು ತೆಪ್ಪ, ಎಷ್ಟು ದಿನ, ಒಂದು ತೆಪ್ಪಕ್ಕೆ ಸರಾಸರಿ ಎಷ್ಟು ಕಿಲೋ ಅಂತ ವಾರಕ್ಕೊಮ್ಮೆ ಬರೆದರೆ ವರ್ಷದ ಒಟ್ಟು ಹಿಡಿತ ಸಿಗುತ್ತದೆ. ಇದರ ಜೊತೆ ಬೆನ್ನಿನ ಈಜುರೆಕ್ಕೆ ಬುಡಕ್ಕೆ ನಂಬರ್ ಇರುವ ಬಣ್ಣದ ಟ್ಯಾಗ್ ಹಾಕಿದ ಮೀನು ಬಿಡಿ. 200 ಬಿಟ್ಟಿದ್ದರಲ್ಲಿ 30 ವಾಪಸ್ ಬಂದರೆ ಮೀನುಗಾರರು ವರ್ಷಕ್ಕೆ ನೂರಕ್ಕೆ 15 ಪಾಲು ಹಿಡಿಯುತ್ತಿದ್ದಾರೆ ಅಂತ. ಒಟ್ಟು ಹಿಡಿತ 12 ಟನ್ ಆದರೆ ಜಲಾಶಯದಲ್ಲಿ ಸುಮಾರು 80 ಟನ್.

ಆದರೆ ಟ್ಯಾಗ್ ಸಿಕ್ಕವರಲ್ಲಿ ಅರ್ಧ ಜನ ತಂದುಕೊಡದೆ ಎಸೆದಿದ್ದರೆ ನಿಜವಾಗಿ ಹಿಡಿದದ್ದು ನೂರಕ್ಕೆ 30, ಜಲಾಶಯದಲ್ಲಿರುವುದು ಬರೀ 40 ಟನ್. ಇಲ್ಲದ 40 ಟನ್ ಮೀನನ್ನು ನಂಬಿ ಹೆಚ್ಚು ಬಲೆಗೆ ಪರವಾನಗಿ ಕೊಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ಅದಕ್ಕೇ ಟ್ಯಾಗ್ ತಂದವರಿಗೆ ಕೈಗೆ ಹಣ ಕೊಡಿ, ಅಲ್ಲೇ, ಅವತ್ತೇ.

ನೀರಿನ ಸ್ಯಾಂಪಲ್ ಸೋಸಿ ಅದರಲ್ಲಿರುವ ಡಿಎನ್‌ಎಯಿಂದ ಮೀನು ಪತ್ತೆ ಹಚ್ಚುವ ವಿಧಾನವೂ ಈಗ ಬಂದಿದೆ. ಯಾವ ಜಾತಿ ಇದೆ ಅಂತ ತಿಳಿಯೋಕೆ ಅದು ಒಳ್ಳೆಯದು. ಎಷ್ಟಿವೆ ಅನ್ನೋದಕ್ಕೆ ಅದನ್ನು ನಂಬಿ ಕೂರಬೇಡಿ. ಹರಿಯುವ ನೀರು ಮೇಲಿನ ಊರಿನ ಗುರುತನ್ನೂ ಕೆಳಗೆ ತಂದಿರುತ್ತದೆ.

ಎಲ್ಲ ಕೂಡಿಸುವುದು

ಈಗ ಇಡೀ ಕೊಳ್ಳದ ಅಂಕಿ. ಎರಡೇ ತುಂಡು ತಗೊಂಡು ತೋರಿಸುತ್ತೇನೆ, ಅಂಕಿಗಳು ಕಲ್ಪನೆಯವು.

ಮೇಲಿನ ತುಂಡಿನಲ್ಲಿ 300 ಭಾಗ. ಚೀಟಿಯಲ್ಲಿ ಬಂದ ಐದು ಜಾಗದ ಅಂದಾಜು 22, 35, 18, 41, 24. ಸರಾಸರಿ 28. 300ರಿಂದ ಗುಣಿಸಿದರೆ 8400 ಮೀನು. ಕೆಳಗಿನ ತುಂಡಿನಲ್ಲಿ 200 ಭಾಗ. ಐದು ಜಾಗದಲ್ಲಿ 60, 0, 110, 15, 45. ಸರಾಸರಿ 46, ಒಟ್ಟು 9200. ಎರಡೂ ಸೇರಿ 17,600.

ಆ ಸೊನ್ನೆಯನ್ನು ನೋಡಿ. ನೀರು ಬತ್ತಿ ಬರೀ ಮರಳಿದ್ದ ಜಾಗ ಅನ್ನಿ. "ಅಲ್ಲಿ ಏನೂ ಇರಲಿಲ್ಲ, ಬರೆದು ಏನು ಮಾಡೋದು" ಅಂತ ಯಾರಾದರೂ ಸುಮ್ನೆ ಬಿಟ್ಟಿದ್ದರೆ ಸರಾಸರಿ 46ರ ಬದಲು 57.5 ಆಗುತ್ತಿತ್ತು, 9200ರ ಬದಲು 11,500. ಒಂದು ಖಾಲಿ ಬಲೆ ಬರೆಯದೆ ಇದ್ದದ್ದಕ್ಕೆ ಕಾಗದದಲ್ಲಿ 2300 ಮೀನು ಜಾಸ್ತಿ. ವಿದ್ಯಾರ್ಥಿಗಳಿಗೆ ಕೆಲಸ ಶುರುವಾಗುವ ಮೊದಲ ದಿನವೇ ಈ ಲೆಕ್ಕ ಬೋರ್ಡಿನ ಮೇಲೆ ಮಾಡಿ ತೋರಿಸಿ.

ಏರುಪೇರು ಹೀಗೆ. ಪ್ರತಿ ತುಂಡಿನ ಐದು ಅಂಕಿಗಳ ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅನ್ನುವ ಅಳತೆ) ತೆಗೆಯಿರಿ, ಎಕ್ಸೆಲ್‌ನಲ್ಲಿ ಒಂದು ಗುಂಡಿ ಒತ್ತಿದರೆ ಬರುತ್ತದೆ. ಅದನ್ನು 5ರ ವರ್ಗಮೂಲದಿಂದ ಭಾಗಿಸಿ, ಒಟ್ಟು ಭಾಗಗಳಿಂದ ಗುಣಿಸಿ. ಮೇಲಿನ ತುಂಡಿಗೆ ಸುಮಾರು 1290, ಕೆಳಗಿನದಕ್ಕೆ ಸುಮಾರು 3840 ಬರುತ್ತದೆ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 4050. ಎರಡು ಪಟ್ಟು ಹಿಡಿದರೆ ಇಡೀ ಅಂದಾಜು 9500ರಿಂದ 25,700. ಜಾಗ ಐದೇ ಇರುವುದರಿಂದ ನಿಜವಾದ ಅಗಲ ಇದಕ್ಕಿಂತ ಸ್ವಲ್ಪ ಜಾಸ್ತಿಯೇ. ಒಂದೊಂದು ಜಾಗದ ಅಂಕಿಯೂ ಅಂದಾಜೇ ಅನ್ನುವುದು ನೆನಪಿರಲಿ.

ಈ ಲೆಕ್ಕ ಮುಂದಿನ ವರ್ಷದ ದಾರಿಯನ್ನೂ ಹೇಳುತ್ತದೆ. ಅನುಮಾನ ಬಹುಪಾಲು ಬರುತ್ತಿರುವುದು ಕೆಳಗಿನ ತುಂಡಿನಿಂದ. ಹತ್ತು ಜಾಗ ಮಾಡುವಷ್ಟೇ ದುಡ್ಡು, ಜನ ಇದ್ದರೆ ಮೇಲೆ ಮೂರು ಸಾಕು, ಕೆಳಗೆ ಏಳು ಮಾಡಿ. ಏರುಪೇರು ಜಾಸ್ತಿ ಇರುವ ಕಡೆ ಜಾಸ್ತಿ ಜಾಗ ಹಾಕಬೇಕು ಅನ್ನುವ ಈ ಹಂಚಿಕೆಯನ್ನು ಸಂಖ್ಯಾಶಾಸ್ತ್ರಜ್ಞ ನೈಮನ್ 1934ರಲ್ಲೇ ತೋರಿಸಿಕೊಟ್ಟ. ಮೊದಲ ವರ್ಷದ ಅಗಲ ನೋಡಿ ಧೈರ್ಯ ಕಳೆದುಕೊಳ್ಳಬೇಡಿ. ಕೊಳ್ಳದ ಯಾವ ಭಾಗ ನಮಗೆ ಗೊತ್ತಿಲ್ಲ ಅನ್ನುವುದು ಆ ವರ್ಷ ಸಿಕ್ಕ ನಿಜವಾದ ಮಾಹಿತಿ.

ಬರೆದಿಡುವುದು, ಕೊಡುವುದು

ಪ್ರತಿ ಜಾಗಕ್ಕೆ ಒಂದು ಹಾಳೆ. ದಿನ, ತಿಥಿ, ಜಾಗದ ನಂಬರ್, ನೀರಿನ ಆಳ, ಬಿಸಿ, ಬಲೆಯ ವಿವರ, ಗಂಟೆ, ಜನ. ಆಮೇಲೆ ಪ್ರತಿ ಮೀನಿನ ಜಾತಿ, ಉದ್ದ, ತೂಕ. ಗುರುತು ಹಿಡಿಯೋಕೆ ಕಷ್ಟವಾದ ಮೀನನ್ನು ಎಡಮೈ ಕಾಣುವ ಹಾಗೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ, ಮೀನುಗಾರರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೇ ಬರೆಯಿರಿ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಜಾತಿ ಗುರುತಿಸಲು ಅಂಥ ಕಡೆಯವರ ನೆರವು ಕೇಳಿ.

ವರದಿಯನ್ನು ಇಲಾಖೆಗೆ ಕೊಡುವ ಮೊದಲು ಸಂಘದ ಸಭೆಯಲ್ಲಿ ಓದಿ. ತಪ್ಪು ಜಾಗ, ತಪ್ಪು ಹೆಸರು, ಅನುಮಾನದ ಅಂಕಿ ಅಲ್ಲೇ ಸಿಕ್ಕಿಬೀಳುತ್ತವೆ. ಒಂದು ಪ್ರತಿ ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ, ಒಂದು ಕಾಲೇಜಿಗೆ, ಒಂದು ಸಂಘಕ್ಕೆ. ಮೂಲ ಹಾಳೆಗಳನ್ನು ಎಸೆಯಬೇಡಿ, ಹತ್ತು ವರ್ಷ ಬಿಟ್ಟು ಹೋಲಿಸುವವರಿಗೆ ಬೇಕಾಗುವುದು ಅವೇ. ಮಹಶೀರ್‌ನಂಥ ಅಪರೂಪದ ಮೀನು ಸಿಕ್ಕ ಮಡುವಿನ ಹೆಸರನ್ನು ಮಾತ್ರ ಎಲ್ಲರೂ ಓದುವ ವರದಿಯಲ್ಲಿ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು.